ಹರಿದ ಡಿಎನ್‌ಎ ಹೊಲಿಯೋರು ಯಾರು? ಗೋವಿನಜೋಳದಿಂದ ಬೆಂಗಳೂರಿನ ಲ್ಯಾಬ್‌ವರೆಗೆ

ಭಾಗ 1/11: ಕ್ಯಾನ್ಸರ್ ಕಥೆಯಲ್ಲಿ ಗೋವಿನಜೋಳ ಯಾಕೆ?

ಈ ಸರಣಿ ಕ್ಯಾನ್ಸರ್ ಇತಿಹಾಸದ ಬಗ್ಗೆ. ಮೊದಲ ಫೋಟೋದಲ್ಲಿ ಗೋವಿನಜೋಳದ ತೆನೆ ಯಾಕಿದೆ ಅಂತ ಕೇಳ್ತೀರಿ ಅಲ್ವಾ? ಕಾರಣ ಇದೆ, ಓದ್ತಾ ಹೋಗ್ರಿ.

ನಮ್ಮ ಕಡೆ ಕ್ಯಾನ್ಸರ್ ಅಂದ್ರೆ ಜನ ಹೆಸರೇ ಹೇಳೋದಿಲ್ಲ. "ಅದೇ ಆ ರೋಗ" ಅಂತಾರೆ. ಯಾರಿಗಾದ್ರೂ ಬಂದ್ರೆ ಒಂದಿಷ್ಟು ಮಂದಿ ಹಣೆಬರಹ ಅಂತಾರೆ, ಇನ್ನೊಂದಿಷ್ಟು ಮಂದಿ ಯಾವ ಜನ್ಮದ ಕರ್ಮವೋ ಅಂತಾರೆ. ಹುಬ್ಬಳ್ಳಿ ನವನಗರದ ಆಸ್ಪತ್ರೆಗೋ ಬೆಂಗಳೂರಿನ ಕಿದ್ವಾಯಿಗೋ ಹೋಗೋ ಹೊತ್ತಿಗೆ ಎಷ್ಟೋ ತಿಂಗಳು ಕಳೆದಿರುತ್ತೆ. ಆ ತಡಕ್ಕೆ ದುಡ್ಡಿನ ತೊಂದರೆಯಷ್ಟೇ ಈ ಮೌನವೂ ಕಾರಣ.

ಹಾಗಾದ್ರೆ ಕ್ಯಾನ್ಸರ್ ಅಂದ್ರೆ ನಿಜವಾಗಿ ಏನು? ಒಂದೇ ಸಾಲಲ್ಲಿ ಹೇಳ್ತೀನಿ. ನಮ್ಮ ಜೀವಕೋಶದೊಳಗಿನ ಡಿಎನ್‌ಎ ದಿನಾಲೂ ಹರಿಯುತ್ತೆ, ದಿನಾಲೂ ರಿಪೇರಿ ಆಗುತ್ತೆ. ಆ ರಿಪೇರಿ ಪದೇ ಪದೇ ತಪ್ಪಿದಾಗ ಜೀನೋಮ್ ಅಸ್ಥಿರ ಆಗುತ್ತೆ. ಅಸ್ಥಿರ ಜೀನೋಮ್ ಕ್ಯಾನ್ಸರ್‌ಗೆ ದಾರಿ ಮಾಡಿಕೊಡುತ್ತೆ.

ಈ ಒಂದು ಸಾಲು ಅರ್ಥ ಆಗೋಕೆ ವಿಜ್ಞಾನಿಗಳಿಗೆ ನೂರು ವರ್ಷ ಹಿಡೀತು. ಆ ನೂರು ವರ್ಷದ ದಾರಿ ಒಂದು ಕಡಲ ಪ್ರಾಣಿಯಿಂದ ಹೊರಟು, ಅಮೆರಿಕದ ಗೋವಿನಜೋಳದ ಹೊಲ ದಾಟಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬರುತ್ತೆ. ನಡುವೆ ಬ್ಯಾಡಗಿ ಮೆಣಸಿನಕಾಯಿ, ರಾಣೆಬೆನ್ನೂರಿನ ಬೀಜದ ಹೊಲ, ನಮ್ಮ ಮನೆಗಳ ಮದುವೆ ಮಾತುಕತೆ ಎಲ್ಲಾ ಬರುತ್ತೆ. ಬರ್ರಿ, ಶುರು ಮಾಡೋಣ.

ಭಾಗ 2/11: ಕಡಲ ಮುಳ್ಳುಚೆಂಡು ಮತ್ತು ಒಂದು ಊಹೆ

1902. ಜರ್ಮನಿಯ ಥಿಯೋಡೋರ್ ಬೊವೆರಿ ಎಂಬ ವಿಜ್ಞಾನಿ ಸಮುದ್ರದ ಒಂದು ಮುಳ್ಳು ಪ್ರಾಣಿಯ ಮೊಟ್ಟೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡ್ತಿದ್ದರು. ಇಂಗ್ಲಿಷ್‌ನಲ್ಲಿ ಅದನ್ನ ಸೀ ಅರ್ಚಿನ್ ಅಂತಾರೆ. ಒಂದು ಮೊಟ್ಟೆಗೆ ಒಂದರ ಬದಲು ಎರಡು ವೀರ್ಯಾಣು ಸೇರುವಂತೆ ಮಾಡಿದರೆ ಕ್ರೋಮೋಸೋಮ್‌ಗಳ ಲೆಕ್ಕ ತಪ್ಪುತ್ತೆ. ಒಂದು ಕೋಶಕ್ಕೆ ಜಾಸ್ತಿ, ಇನ್ನೊಂದಕ್ಕೆ ಕಡಿಮೆ. ಹಾಗೆ ಹಂಚಿಕೆ ತಪ್ಪಿದ ಭ್ರೂಣಗಳು ಸರಿಯಾಗಿ ಬೆಳೀತಿರಲಿಲ್ಲ.

ಇದರಿಂದ ಬೊವೆರಿಗೆ ಎರಡು ವಿಷಯ ಹೊಳೀತು. ಒಂದು, ಪ್ರತಿ ಕ್ರೋಮೋಸೋಮ್‌ಗೂ ಅದರದ್ದೇ ಕೆಲಸ ಇದೆ. ಒಂದಿದ್ರೆ ಇನ್ನೊಂದು ಬೇಡ ಅನ್ನೋ ಹಾಗಿಲ್ಲ. ಎರಡು, ದೇಹದ ಯಾವುದೋ ಒಂದು ಕೋಶದಲ್ಲಿ ಈ ಲೆಕ್ಕ ತಪ್ಪಿದರೆ ಆ ಕೋಶ ಲಗಾಮಿಲ್ಲದೆ ಬೆಳೆಯಬಹುದಲ್ಲ? ಗಡ್ಡೆ ಅಂದ್ರೆ ಅದೇ ಇರಬಹುದಲ್ಲ?

1914ರಲ್ಲಿ ಅವರು ಈ ಊಹೆಯನ್ನ ಒಂದು ಪುಟ್ಟ ಪುಸ್ತಕವಾಗಿ ಬರೆದರು. ಮರುವರ್ಷ ತೀರಿಕೊಂಡರು. ಆ ಕಾಲಕ್ಕೆ ಡಿಎನ್‌ಎ ಹೇಗಿದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಕ್ಯಾನ್ಸರ್ ಕೋಶದ ಕ್ರೋಮೋಸೋಮ್ ನೆಟ್ಟಗೆ ಎಣಿಸೋಕೂ ಬರ್ತಿರಲಿಲ್ಲ. ಬೊವೆರಿ ಕೈಯಲ್ಲಿದ್ದದ್ದು ಕಡಲ ಪ್ರಾಣಿಯ ಮೊಟ್ಟೆ ಮಾತ್ರ. ಅಲ್ಲಿಂದ ಮನುಷ್ಯರ ರೋಗದವರೆಗೆ ಅವರು ಯೋಚನೆ ಮಾಡಿದರು.

ಇಲ್ಲಿ ಒಂದು ಮಾತು ಗಮನಿಸಿ. ಹುಡುಕಾಟ ಶುರುವಾದದ್ದು "ಯಾರ ತಪ್ಪು?" ಅನ್ನೋ ಪ್ರಶ್ನೆಯಿಂದ ಅಲ್ಲ. "ಕೋಶದೊಳಗೆ ಏನಾಯ್ತು?" ಅನ್ನೋ ಪ್ರಶ್ನೆಯಿಂದ. ನಾವಿನ್ನೂ ಮೊದಲನೇ ಪ್ರಶ್ನೆಯಲ್ಲೇ ನಿಂತಿದ್ದೀವಿ.

ಭಾಗ 3/11: ಗೋವಿನಜೋಳದ ಹೊಲದಲ್ಲಿ ಬಾರ್ಬರಾ ಮೆಕ್ಲಿಂಟಾಕ್

ರಾಣೆಬೆನ್ನೂರು ಸುತ್ತಮುತ್ತ ಬೀಜದ ಹೊಲದಲ್ಲಿ ಕ್ರಾಸಿಂಗ್ ಕೆಲಸ ನೋಡಿದವರಿಗೆ ಈ ಭಾಗ ಸಲೀಸು. ಒಂದು ಗಿಡದ ಪರಾಗ ತಂದು ಇನ್ನೊಂದು ಗಿಡದ ಹೂವಿಗೆ ಕೈಯಿಂದ ಸವರೋದು, ಬೇರೆ ಪರಾಗ ಬೀಳದ ಹಾಗೆ ಕಾಯೋದು. ಬಿಸಿಲಲ್ಲಿ ನಿಂತು ಹೆಣ್ಣುಮಕ್ಕಳು ಮಾಡೋ ತಾಳ್ಮೆಯ ಕೆಲಸ ಅದು.

ಬಾರ್ಬರಾ ಮೆಕ್ಲಿಂಟಾಕ್ ಜೀವನಪೂರ್ತಿ ಮಾಡಿದ್ದೂ ಇದೇ. ಅಮೆರಿಕದಲ್ಲಿ ಗೋವಿನಜೋಳ ತಾವೇ ಬೆಳೆದು, ತಾವೇ ಕ್ರಾಸ್ ಮಾಡಿ, ಕಾಳಿನ ಬಣ್ಣ ನೋಡಿ, ಆಮೇಲೆ ಅದೇ ಗಿಡದ ಕ್ರೋಮೋಸೋಮ್‌ಗಳನ್ನ ಸೂಕ್ಷ್ಮದರ್ಶಕದಲ್ಲಿ ನೋಡೋದು. 1931ರಲ್ಲಿ ಅವರು ಮತ್ತು ಹ್ಯಾರಿಯೆಟ್ ಕ್ರೈಟನ್ ಸೇರಿ ಒಂದು ದೊಡ್ಡ ವಿಷಯ ತೋರಿಸಿದರು: ಜೋಡಿ ಕ್ರೋಮೋಸೋಮ್‌ಗಳು ನಿಜವಾಗಿಯೂ ಒಂದಕ್ಕೊಂದು ತುಂಡು ಬದಲಾಯಿಸಿಕೊಳ್ಳುತ್ತವೆ. ಈ ಮಾತು ನೆನಪಿಟ್ಟುಕೊಳ್ರಿ, ಮುಂದೆ ಬೇಕಾಗುತ್ತೆ.

1938ರಿಂದ 1941ರ ಹೊತ್ತಿಗೆ ಅವರು ಇನ್ನೊಂದು ವಿಚಿತ್ರ ಕಂಡರು. ಕ್ಷ-ಕಿರಣ ಬಿದ್ದು ಕ್ರೋಮೋಸೋಮ್ ಮುರಿದರೆ, ಮುರಿದ ತುದಿಗಳು ಸುಮ್ಮನೆ ಇರೋದಿಲ್ಲ. ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಕೋಶ ಎರಡಾಗುವಾಗ ಆ ಅಂಟಿದ ಕ್ರೋಮೋಸೋಮ್ ಎರಡೂ ಕಡೆ ಎಳೆಯಲ್ಪಟ್ಟು ಸೇತುವೆ ಥರ ನಿಲ್ಲುತ್ತೆ, ಆಮೇಲೆ ಮತ್ತೆ ಮುರಿಯುತ್ತೆ. ಮುರಿದದ್ದು ಮತ್ತೆ ಅಂಟುತ್ತೆ, ಮತ್ತೆ ಸೇತುವೆ, ಮತ್ತೆ ಮುರಿತ. ಪ್ರತಿ ಸಲ ತುಂಡು ಬೇರೆ ಕಡೆ ಆಗೋದರಿಂದ ಒಂದು ಕೋಶಕ್ಕೆ ಕೆಲವು ಜೀನ್ ಹೆಚ್ಚು, ಇನ್ನೊಂದಕ್ಕೆ ಕಡಿಮೆ.

ಜೀನೋಮ್ ಅಸ್ಥಿರತೆ ಅಂತ ಇವತ್ತು ಕರೆಯೋದರ ಮೊದಲ ಸ್ಪಷ್ಟ ಚಿತ್ರಗಳಲ್ಲಿ ಇದೊಂದು. ಮುಂದೆ ಎಷ್ಟೋ ದಶಕದ ಮೇಲೆ ಮನುಷ್ಯರ ಗಡ್ಡೆಗಳಲ್ಲೂ ಇದೇ ಚಕ್ರ ಸಿಕ್ಕಿತು. ಮೆಕ್ಲಿಂಟಾಕ್‌ಗೆ ನೊಬೆಲ್ ಬಂದದ್ದು 1983ರಲ್ಲಿ. ಅದು ಅವರ ಇನ್ನೊಂದು ಶೋಧಕ್ಕೆ, ಜಾಗ ಬದಲಿಸೋ ಜೀನ್‌ಗಳಿಗೆ. ಆಗ ಅವರಿಗೆ 81 ವರ್ಷ. ಆ ಶೋಧದ ಬೇರೂ ಈ ಮುರಿದ ಕ್ರೋಮೋಸೋಮ್‌ಗಳಲ್ಲೇ ಇತ್ತು.

ನಮ್ಮ ಜಿಲ್ಲೆ ರಾಜ್ಯದಲ್ಲಿ ಗೋವಿನಜೋಳ ಹೆಚ್ಚು ಬೆಳೆಯೋ ಜಿಲ್ಲೆಗಳಲ್ಲಿ ಒಂದು. ಎಪಿಎಂಸಿಯಲ್ಲಿ ಗುಡ್ಡೆ ಹಾಕೋ ಆ ಕಾಳೇ ಕ್ಯಾನ್ಸರ್ ವಿಜ್ಞಾನದ ಪಾಠಪುಸ್ತಕ ಆಗಿತ್ತು ನೋಡ್ರಿ.

ಭಾಗ 4/11: ಡಿಎನ್‌ಎ ತಾನಾಗೇ ಹಾಳಾಗುತ್ತೆ

1953ರಲ್ಲಿ ಡಿಎನ್‌ಎ ಎರಡು ಎಳೆಯ ಸುರುಳಿ ಅಂತ ಗೊತ್ತಾಯ್ತು. ಆಗ ಎಷ್ಟೋ ಜನ ಅಂದುಕೊಂಡದ್ದು ಇದು ಬಹಳ ಗಟ್ಟಿ ವಸ್ತು, ತಲೆಮಾರು ತಲೆಮಾರು ಹಾಗೇ ಇರುತ್ತೆ ಅಂತ.

1970ರ ದಶಕದಲ್ಲಿ ಸ್ವೀಡನ್‌ನ ತೋಮಸ್ ಲಿಂಡಾಲ್ ಅದು ಹಾಗಲ್ಲ ಅಂತ ತೋರಿಸಿದರು. ಬಿಸಿಲು ಬೇಡ, ವಿಷ ಬೇಡ, ಬರೀ ಮೈಯೊಳಗಿನ ನೀರು ಮತ್ತು ಬಿಸಿ ಸಾಕು, ಒಂದೊಂದು ಕೋಶದಲ್ಲೂ ದಿನಕ್ಕೆ ಸಾವಿರಾರು ಕಡೆ ಡಿಎನ್‌ಎ ಹಾಳಾಗುತ್ತೆ. ಹಾಗಾದ್ರೆ ನಾವು ಬದುಕಿರೋದು ಹೇಗೆ? ರಿಪೇರಿ ಮಾಡೋ ಪ್ರೋಟೀನ್‌ಗಳು ಸದಾ ಕೆಲಸದಲ್ಲಿ ಇರೋದರಿಂದ. ಈ ರಿಪೇರಿ ಕೆಲಸ ಬಿಡಿಸಿ ತೋರಿಸಿದ್ದಕ್ಕೆ ಲಿಂಡಾಲ್, ಪಾಲ್ ಮಾಡ್ರಿಚ್, ಅಜೀಜ್ ಸಂಜಾರ್ ಮೂವರಿಗೂ 2015ರ ರಸಾಯನಶಾಸ್ತ್ರ ನೊಬೆಲ್ ಬಂತು.

ಹಾನಿಯಲ್ಲಿ ಸಣ್ಣದು ದೊಡ್ಡದು ಇದೆ. ಒಂದು ಅಕ್ಷರ ಕೆಟ್ಟರೆ ಸಣ್ಣದು. ಒಂದೇ ಎಳೆ ಹರಿದರೂ ಪರವಾಗಿಲ್ಲ, ಇನ್ನೊಂದು ಎಳೆ ನೋಡಿ ಸರಿಮಾಡಬಹುದು. ಎರಡೂ ಎಳೆ ಒಂದೇ ಕಡೆ ಹರಿದರೆ ಅದು ಎಲ್ಲಕ್ಕಿಂತ ಅಪಾಯ. ಕೋಶಕ್ಕೆ ಆಗ ಮುಖ್ಯವಾಗಿ ಎರಡು ದಾರಿ.

ಒಂದು: ಹರಿದ ಎರಡು ತುದಿ ಹಿಡಿದು ಗೋಂದು ಹಚ್ಚಿದ ಹಾಗೆ ಅಂಟಿಸೋದು. ಬೇಗ ಆಗುತ್ತೆ, ಆದ್ರೆ ಅಂಚಿನ ಒಂದೆರಡು ಅಕ್ಷರ ಹೋಗಬಹುದು, ಬೇರೆ ಯಾವುದೋ ತುಂಡಿಗೆ ಅಂಟಿಬಿಡಲೂಬಹುದು.

ಎರಡು: ಅದೇ ಪಾಠದ ಇನ್ನೊಂದು ಪ್ರತಿ ಹುಡುಕಿ, ಅದನ್ನ ನೋಡಿ ಹರಿದ ಜಾಗ ಮತ್ತೆ ಬರೆಯೋದು. ನೋಟ್ಸ್ ಹರಿದಾಗ ಗೆಳತಿಯ ನೋಟ್‌ಬುಕ್ ತಂದು ಬರೆದುಕೊಳ್ಳೋ ಥರ. ನಿಧಾನ, ಆದ್ರೆ ತಪ್ಪು ಕಡಿಮೆ.

ಎರಡನೇ ದಾರಿಯೇ ಈ ಸರಣಿಯ ನಾಯಕ.

ಭಾಗ 5/11: ಬ್ಯಾಡಗಿಯ ಕೆಂಪು ಮತ್ತು ಕಣದ ತೇವ

ಹಾನಿ ತಾನಾಗೇ ಆಗುತ್ತೆ ಸರಿ. ಹೊರಗಿನಿಂದಲೂ ಬರುತ್ತೆ. ಅದಕ್ಕೆ ಬ್ಯಾಡಗಿ ಮಾರುಕಟ್ಟೆಯಷ್ಟು ಒಳ್ಳೆ ಉದಾಹರಣೆ ಬೇರೆ ಬೇಕಿಲ್ಲ.

ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಟ್ಯಾಗ್ ಬಂತು. ಡಬ್ಬಿ, ಕಡ್ಡಿ ಎರಡೂ ಖಾರಕ್ಕಿಂತ ಬಣ್ಣಕ್ಕೆ ಹೆಸರುವಾಸಿ. ಆ ಕೆಂಪು ಗಿಡವೇ ಮಾಡಿಕೊಂಡ ಕ್ಯಾಪ್ಸಾಂಥಿನ್ ಥರದ ಬಣ್ಣದ್ದು, ಗಜ್ಜರಿಯ ಬಣ್ಣದ ಬಳಗಕ್ಕೆ ಸೇರಿದ್ದು.

ಆದ್ರೆ ಜಗತ್ತಿನ ಮೆಣಸಿನಪುಡಿ ವ್ಯಾಪಾರದಲ್ಲಿ ಕೆಂಪಿಗೆ ಬೆಲೆ ಇದ್ದಲ್ಲೆಲ್ಲ ಮೋಸವೂ ಹುಟ್ಟಿತು. ಸುಡಾನ್ 1 ಅನ್ನೋದು ಎಣ್ಣೆ, ಮೇಣಕ್ಕೆ ಹಾಕೋ ಕಾರ್ಖಾನೆ ಬಣ್ಣ. 2003ರಲ್ಲಿ ಯುರೋಪಿನಲ್ಲಿ ಮೆಣಸಿನಪುಡಿಯೊಳಗೆ ಇದು ಸಿಕ್ಕಿತು, ಅಲ್ಲಿಂದ ಪರೀಕ್ಷೆ ಪತ್ರ ಇಲ್ಲದ ಮೆಣಸಿನಪುಡಿಗೆ ಅಲ್ಲಿ ಪ್ರವೇಶ ಇಲ್ಲ ಅಂತಾಯ್ತು. 2005ರಲ್ಲಿ ಬ್ರಿಟನ್‌ನಲ್ಲಿ ಕಲಬೆರಕೆ ಪುಡಿ ಸೇರಿದ ಒಂದು ಸಾಸ್‌ನಿಂದಾಗಿ 400ಕ್ಕೂ ಹೆಚ್ಚು ತಿನಿಸುಗಳನ್ನ ಅಂಗಡಿಗಳಿಂದ ವಾಪಸ್ ತೆಗೆದರು. ಈ ಬಣ್ಣ ಡಿಎನ್‌ಎಗೆ ಅಂಟಿಕೊಳ್ಳಬಲ್ಲದು ಅಂತ ಪ್ರಯೋಗಗಳು ಹೇಳುತ್ತವೆ. ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತೆ ಅಂತ ಸಾಬೀತಾಗಿಲ್ಲ. ಆದರೂ ಆಹಾರದಲ್ಲಿ ಅದಕ್ಕೆ ಜಾಗ ಇಲ್ಲ.

ನಿಜವಾದ ಅಪಾಯ ಇದಕ್ಕಿಂತ ಸದ್ದಿಲ್ಲದ್ದು: ಬೂಷ್ಟು. ಮೆಣಸಿನಕಾಯಿ, ಗೋವಿನಜೋಳ, ಶೇಂಗಾ ಸರಿಯಾಗಿ ಒಣಗದಿದ್ರೆ ಆಸ್ಪರ್ಜಿಲಸ್ ಅನ್ನೋ ಬೂಷ್ಟು ಬೆಳೆದು ಅಫ್ಲಟಾಕ್ಸಿನ್ ಅನ್ನೋ ವಿಷ ಬಿಡುತ್ತೆ. 1974ರಲ್ಲಿ ಗುಜರಾತ್–ರಾಜಸ್ಥಾನ ಗಡಿಯಲ್ಲಿ ಬೂಷ್ಟು ಹಿಡಿದ ಗೋವಿನಜೋಳ ತಿಂದು ನೂರಕ್ಕೂ ಹೆಚ್ಚು ಜನ ಲಿವರ್ ಕೆಟ್ಟು ಸತ್ತರು. ಸ್ವಲ್ಪ ಸ್ವಲ್ಪವಾಗಿ ವರ್ಷಗಟ್ಟಲೆ ಹೋದರೆ ಇದೇ ವಿಷ ಲಿವರ್ ಕ್ಯಾನ್ಸರ್ ತರುತ್ತೆ.

1991ರಲ್ಲಿ ಚೀನಾ ಮತ್ತು ದಕ್ಷಿಣ ಆಫ್ರಿಕಾ ಭಾಗದ ಲಿವರ್ ಗಡ್ಡೆಗಳನ್ನ ನೋಡಿದಾಗ ಪಿ53 ಎಂಬ ಜೀನಿನ 249ನೇ ಜಾಗದಲ್ಲೇ ಮತ್ತೆ ಮತ್ತೆ ಒಂದೇ ಅಕ್ಷರ ಬದಲಾಗಿತ್ತು. ವಿಷ ತನ್ನ ಬೆರಳಚ್ಚು ಬಿಟ್ಟು ಹೋಗಿತ್ತು.

ಕಣದಲ್ಲಿ ನೆಟ್ಟಗೆ ಒಣಗಿಸೋ ರೈತ ಜೀನೋಮ್ ಕಾಯೋ ಕೆಲಸವನ್ನೂ ಮಾಡ್ತಾನೆ.

ಭಾಗ 6/11: ಗುಟ್ಕಾ ಬಗ್ಗೆ ಒಂದು ನೇರ ಮಾತು

ಈ ಭಾಗ ಚಿಕ್ಕದು. ಬಸ್‌ಸ್ಟ್ಯಾಂಡ್ ಹಿಂದೆ ಚೀಟಿ ಹರಿಯೋ ಗೆಳೆಯರಿಗೆ ಮಾತ್ರ ಅಲ್ಲ, ಎಲ್ಲರಿಗೂ.

ತಂಬಾಕಿನಲ್ಲಿರೋ ಕೆಲವು ರಾಸಾಯನಿಕ ನೇರವಾಗಿ ಡಿಎನ್‌ಎ ಅಕ್ಷರಗಳಿಗೆ ಅಂಟಿಕೊಳ್ಳುತ್ತವೆ. ಅಂಟಿದ ಜಾಗದಲ್ಲಿ ನಕಲು ತಪ್ಪುತ್ತೆ. ರಿಪೇರಿ ಪ್ರೋಟೀನ್‌ಗಳು ಸರಿಮಾಡ್ತವೆ, ಆದ್ರೆ ದಿನಕ್ಕೆ ಹತ್ತು ಸಲ ಅದೇ ದವಡೆಯಲ್ಲಿ ಅದೇ ಚೀಟಿ ಇಟ್ಟರೆ ಎಷ್ಟಂತ ಸರಿಮಾಡ್ಬೇಕು? ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ತಂಬಾಕಿಲ್ಲದ ಅಡಿಕೆಯನ್ನೂ ಮನುಷ್ಯರಿಗೆ ಕ್ಯಾನ್ಸರ್ ತರೋ ವಸ್ತುಗಳ ಪಟ್ಟಿಗೆ ಸೇರಿಸಿದೆ. ಹಾನಗಲ್ ಕಡೆ ಅಡಿಕೆ ನಂಬಿದ ಮನೆಗಳಿವೆ, ಗೊತ್ತು. ಆದರೂ ಈ ಮಾತು ಬಿಟ್ಟು ಇತಿಹಾಸ ಬರೆದರೆ ಅರ್ಧ ಆಗುತ್ತೆ.

ಕರ್ನಾಟಕದಲ್ಲಿ ಗುಟ್ಕಾ ನಿಷೇಧ ಆದದ್ದು 2013ರಲ್ಲಿ. ಆಮೇಲೆ ಪಾನ್ ಮಸಾಲ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ ಆಗಿ ಬಂತು. ಕಾನೂನಿಗೆ ಎರಡು, ಬಾಯಿಗೆ ಒಂದೇ.

ಇಲ್ಲೂ ಬೈಗುಳ ಬೇಡ. ಚಟ ಹತ್ತಿದವರನ್ನ ಪಾಪಿ ಅಂದ್ರೆ ಅವರು ಬಾಯೊಳಗಿನ ಬಿಳಿ ಮಚ್ಚೆಯನ್ನ ಡಾಕ್ಟರ್‌ಗೆ ತೋರಿಸೋ ಬದಲು ಮುಚ್ಚಿಡ್ತಾರೆ.

ಭಾಗ 7/11: ಊಹೆ ನಿಜವಾದ ದಿನ

ಬೊವೆರಿ ಊಹೆಗೆ ಗಟ್ಟಿ ಸಾಕ್ಷಿ ಸಿಕ್ಕದ್ದು 1960ರಲ್ಲಿ. ಅಮೆರಿಕದ ಫಿಲಡೆಲ್ಫಿಯಾ ಊರಿನಲ್ಲಿ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫೋರ್ಡ್ ಒಂದು ಬಗೆಯ ರಕ್ತದ ಕ್ಯಾನ್ಸರ್ ಇದ್ದವರಲ್ಲಿ ಪದೇ ಪದೇ ಒಂದೇ ಗಿಡ್ಡ ಕ್ರೋಮೋಸೋಮ್ ಕಂಡರು. ಅದಕ್ಕೆ ಊರಿನ ಹೆಸರೇ ಬಂತು.

1973ರಲ್ಲಿ ಜಾನೆಟ್ ರೌಲಿ ಆ ಗುಟ್ಟು ಬಿಡಿಸಿದರು. ತುಂಡು ಕಳೆದುಹೋಗಿರಲಿಲ್ಲ, 9 ಮತ್ತು 22ನೇ ಕ್ರೋಮೋಸೋಮ್‌ಗಳು ಮುರಿದು, ತುದಿ ಅದಲುಬದಲಾಗಿ ಅಂಟಿಕೊಂಡಿದ್ದವು. ಭಾಗ 4ರ ಗೋಂದಿನ ದಾರಿ ನೆನಪಿದೆಯಲ್ಲ? ತಪ್ಪು ತುಂಡಿಗೆ ಅಂಟಿದರೆ ಹೀಗಾಗುತ್ತೆ. ಅಂಟಿದ ಜಾಗದಲ್ಲಿ ಎರಡು ಜೀನ್ ಸೇರಿ ಒಂದಾಗಿ, ಕೋಶಕ್ಕೆ "ಬೆಳಿ ಬೆಳಿ" ಅಂತ ಸದಾ ಹೇಳೋ ಪ್ರೋಟೀನ್ ಹುಟ್ಟಿತ್ತು.

ಆ ಪ್ರೋಟೀನನ್ನೇ ತಡೆಯೋ ಇಮಾಟಿನಿಬ್ ಮಾತ್ರೆ 2001ರಲ್ಲಿ ಬಂತು. ಆ ರೋಗಕ್ಕೆ ದಿನಾ ಮಾತ್ರೆ ತಗೊಂಡು ವರ್ಷಗಟ್ಟಲೆ ಬದುಕಬಹುದು ಅಂತಾಯ್ತು. ಭಾರತದಲ್ಲಿ ಅದರ ಪೇಟೆಂಟ್ ಕೇಳಿದ ನೋವಾರ್ಟಿಸ್ ಕಂಪನಿಗೆ ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ಇಲ್ಲ ಅಂತು. ಹಾಗಾಗಿ ಕಡಿಮೆ ಬೆಲೆಯ ಮಾತ್ರೆ ನಮ್ಮಲ್ಲಿ ಸಿಗೋದು ಮುಂದುವರೀತು.

ಅಂದ್ರೆ ಮುರಿತ ಎಲ್ಲಿ ಆಯ್ತು ಅಂತ ಗೊತ್ತಾದ್ರೆ ಮದ್ದು ಎಲ್ಲಿಗೆ ಕೊಡಬೇಕು ಅಂತಾನೂ ಗೊತ್ತಾಗುತ್ತೆ. ಆದ್ರೆ ಒಂದು ಪ್ರಶ್ನೆ ಉಳೀತು: ಕೋಶ ಮುರಿದದ್ದನ್ನ ಸರಿಯಾಗಿ ಜೋಡಿಸೋದು ಹೇಗೆ? ಇಲ್ಲಿಂದ ಬೆಂಗಳೂರಿಗೆ ಹೋಗೋಣ.

ಭಾಗ 8/11: ಬೆಂಗಳೂರು, ಜೀವರಸಾಯನಶಾಸ್ತ್ರ ವಿಭಾಗ

ಭಾರತೀಯ ವಿಜ್ಞಾನ ಸಂಸ್ಥೆ ಶುರುವಾದದ್ದು 1909ರಲ್ಲಿ. ನಾವೆಲ್ಲ ಐಐಎಸ್‌ಸಿ ಅಂತೀವಿ, ಬೆಂಗಳೂರಿನ ಹಳಬರು ಟಾಟಾ ಇನ್‌ಸ್ಟಿಟ್ಯೂಟ್ ಅಂತಾರೆ. ಅಲ್ಲಿನ ಜೀವರಸಾಯನಶಾಸ್ತ್ರ ವಿಭಾಗಕ್ಕೆ ನೂರು ವರ್ಷ ದಾಟಿದೆ.

ಅಲ್ಲಿ ಕೆ. ಮುನಿಯಪ್ಪ ಅವರು ದಶಕಗಳ ಕಾಲ ಒಂದೇ ಪ್ರಶ್ನೆ ಹಿಡಿದು ಕೂತರು: ಹರಿದ ಡಿಎನ್‌ಎ ತನ್ನ ಜೋಡಿ ಪ್ರತಿಯನ್ನ ಹುಡುಕೋದು ಹೇಗೆ? ಬ್ಯಾಕ್ಟೀರಿಯಾಗಳಲ್ಲಿ ಈ ಕೆಲಸ ಮಾಡೋದು ರೆಕ್‌ಎ ಅನ್ನೋ ಪ್ರೋಟೀನ್. ಅದು ಹರಿದ ಎಳೆಯ ಮೇಲೆ ಸಾಲಾಗಿ ಕೂತು, ಆ ಎಳೆಯನ್ನ ಹಿಡಿದುಕೊಂಡೇ ಹೊಂದೋ ಪ್ರತಿ ಹುಡುಕುತ್ತೆ. ಸಿಕ್ಕ ಮೇಲೆ ಎಳೆ ಒಳಗೆ ತೂರಿಸುತ್ತೆ. ಮೆಕ್ಲಿಂಟಾಕ್ ಮತ್ತು ಕ್ರೈಟನ್ 1931ರಲ್ಲಿ ಹೊಲದಿಂದ ಕಂಡ ತುಂಡು ಬದಲಾವಣೆಯ ಒಳಗಿನ ಯಂತ್ರ ಇಂಥದ್ದೇ. 1984ರಲ್ಲಿ ಮುನಿಯಪ್ಪ ಅವರು ಅಮೆರಿಕದ ಚಾರ್ಲ್ಸ್ ರ‍್ಯಾಡಿಂಗ್ ಬಳಗದ ಜೊತೆ ಈ ಬಗ್ಗೆ ಮುಖ್ಯ ಪ್ರಬಂಧ ಪ್ರಕಟಿಸಿದ್ದರು. 1995ರಲ್ಲಿ ಅವರಿಗೆ ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿ ಬಂತು.

ಮುನಿಯಪ್ಪ ಅವರ ಜೊತೆ ಕ್ಷಯರೋಗದ ಬ್ಯಾಕ್ಟೀರಿಯಾ ಮತ್ತು ಅದರ ಸಂಬಂಧಿಯ ರೆಕ್‌ಎ ಮೇಲೆ ಕೆಲಸ ಮಾಡಿ 2003ರಲ್ಲಿ ಪ್ರಬಂಧ ಬರೆದವರು ಗಣೇಶ್ ನಾಗರಾಜು. ಆಮೇಲೆ ಅವರು ಹಾರ್ವರ್ಡ್ ವೈದ್ಯಕೀಯ ಶಾಲೆಯ ರಾಲ್ಫ್ ಸ್ಕಲ್ಲಿ ಅವರ ಲ್ಯಾಬ್‌ಗೆ ಹೋದರು. ಬ್ಯಾಕ್ಟೀರಿಯಾದಲ್ಲಿ ರೆಕ್‌ಎ ಮಾಡೋ ಕೆಲಸವನ್ನ ಮನುಷ್ಯರಲ್ಲಿ ಮಾಡೋದು ರ‍್ಯಾಡ್51. ಅದಕ್ಕೆ ಕೈಜೋಡಿಸೋ ತಮ್ಮ ತಂಗಿಯಂಥ ಪ್ರೋಟೀನ್‌ಗಳಿವೆ, ಅವುಗಳಲ್ಲಿ ಒಂದು ರ‍್ಯಾಡ್51ಸಿ. ಅದು ಇಲ್ಲದಿದ್ರೆ ರಿಪೇರಿಯ ಲೆಕ್ಕಾಚಾರ ಹೇಗೆ ಬದಲಾಗುತ್ತೆ ಅಂತ 2006ರ ಅವರ ಪ್ರಬಂಧ ತೋರಿಸಿತು. ನಂತರ ಅದೇ ಬೆಂಗಳೂರಿನ ವಿಭಾಗಕ್ಕೆ ವಾಪಸ್ ಬಂದು ಸ್ವಂತ ಲ್ಯಾಬ್ ಕಟ್ಟಿದರು.

ಬ್ಯಾಕ್ಟೀರಿಯಾದ ಒಂದು ಪ್ರೋಟೀನ್ ಕಲಿತವರು ಮನುಷ್ಯರ ಕ್ಯಾನ್ಸರ್‌ಗೆ ಬಂದ ದಾರಿ ಇದು. ಯಾರೂ "ಇದರಿಂದ ಏನು ಉಪಯೋಗ?" ಅಂತ ನಡುವೆ ನಿಲ್ಲಿಸಲಿಲ್ಲ.

ಭಾಗ 9/11: 2010, ಒಂದೇ ಜೀನ್, ಎರಡು ರೋಗ

2010ರಲ್ಲಿ ರ‍್ಯಾಡ್51ಸಿ ಬಗ್ಗೆ ಎರಡು ಸುದ್ದಿ ಒಟ್ಟಿಗೆ ಬಂದವು.

ಮೊದಲನೆಯದು: ಜರ್ಮನಿಯಲ್ಲಿ ಸ್ತನ ಕ್ಯಾನ್ಸರ್, ಅಂಡಾಶಯದ ಕ್ಯಾನ್ಸರ್ ಹೆಚ್ಚು ಕಂಡ 1,100 ಕುಟುಂಬಗಳನ್ನ ನೋಡಿದಾಗ ಆರು ಕುಟುಂಬಗಳಲ್ಲಿ ಈ ಜೀನ್ ಕೆಟ್ಟಿತ್ತು. ಆರೂ ಕುಟುಂಬಗಳಲ್ಲಿ ಎರಡೂ ಬಗೆಯ ಕ್ಯಾನ್ಸರ್ ಇತ್ತು. ಬಿಆರ್‌ಸಿಎ1, ಬಿಆರ್‌ಸಿಎ2 ಜೀನ್‌ಗಳ ಹೆಸರು ನೀವು ಕೇಳಿರ್ತೀರಿ. ಅವೂ ಇದೇ ರಿಪೇರಿ ದಾರಿಯವೇ.

ಎರಡನೆಯದು: ಸಂಬಂಧದಲ್ಲೇ ಮದುವೆಯಾದ ಒಂದು ಕುಟುಂಬದ ಮಕ್ಕಳಲ್ಲಿ ಫ್ಯಾಂಕೋನಿ ಅನೀಮಿಯಾ ಥರದ ರೋಗಕ್ಕೆ ಇದೇ ಜೀನ್ ಕಾರಣ ಅಂತ ಗೊತ್ತಾಯ್ತು. ಸ್ವಿಟ್ಜರ್ಲೆಂಡಿನ ಗೀಡೋ ಫ್ಯಾಂಕೋನಿ 1927ರಲ್ಲಿ ಮೊದಲು ವಿವರಿಸಿದ ರೋಗ ಇದು. ಮಜ್ಜೆ ರಕ್ತ ತಯಾರಿಸೋದು ನಿಲ್ಲಿಸುತ್ತೆ, ಕ್ಯಾನ್ಸರ್ ಅಪಾಯ ಬಹಳ ಹೆಚ್ಚುತ್ತೆ.

ನಾಗರಾಜು ಅವರ ಲ್ಯಾಬ್ ಇಲ್ಲಿ ಕೈ ಹಾಕಿತು. ರೋಗಿಗಳಲ್ಲಿ ಸಿಕ್ಕ ಕೆಟ್ಟ ರ‍್ಯಾಡ್51ಸಿ ರೂಪಗಳನ್ನ ಕೋಶಗಳೊಳಗೆ ಇಟ್ಟು ಒಂದೊಂದಾಗಿ ಪರೀಕ್ಷೆ ಮಾಡಿದರು. ಕುಮಾರ್ ಸೋಮ್ಯಜಿತ್ ಮತ್ತು ಸಹಲೇಖಕರ ಜೊತೆ 2012ರಲ್ಲಿ ಬಂದ ಪ್ರಬಂಧದ ಸಾರ: ಈ ಪ್ರೋಟೀನ್ ಹರಿದದ್ದನ್ನ ಹೊಲಿಯೋದಷ್ಟೇ ಅಲ್ಲ, "ಇಲ್ಲಿ ಹರಿದಿದೆ, ಕೋಶ ಎರಡಾಗೋದು ನಿಲ್ಲಿಸಿ" ಅಂತ ಕೂಗೋ ಕೆಲಸದಲ್ಲೂ ಸೇರಿದೆ. 2015ರಲ್ಲಿ ಮತ್ತೊಂದು: ಡಿಎನ್‌ಎ ನಕಲಾಗುವಾಗ ಜಿಪ್ ಸಿಕ್ಕಿಕೊಂಡ ಹಾಗೆ ನಡುವೆ ನಿಂತರೆ, ಹೊಸದಾಗಿ ಬರೆದ ಎಳೆಯನ್ನ ಬೇರೆ ಪ್ರೋಟೀನ್ ಕಡಿದು ತಿನ್ನದ ಹಾಗೆ ಈ ಗುಂಪು ಕಾಯುತ್ತೆ, ಆಮೇಲೆ ನಕಲು ಮತ್ತೆ ಶುರು ಮಾಡಿಸುತ್ತೆ. ಈ ಸಾಲಿನ ಕೆಲಸಕ್ಕೆ ನಾಗರಾಜು ಅವರಿಗೆ 2018ರ ಭಟ್ನಾಗರ್ ಪ್ರಶಸ್ತಿ ಬಂತು.

ಈಗ ನಮ್ಮ ಮನೆ ವಿಷಯ. ಸೋದರಮಾವನಿಗೆ ಅಕ್ಕನ ಮಗಳು, ಅತ್ತೆ ಮಗನಿಗೆ ಮಾವನ ಮಗಳು, ಇದು ನಮ್ಮಲ್ಲಿ ಹೊಸದಲ್ಲ. ಫ್ಯಾಂಕೋನಿ ರೋಗದ ಬಹುತೇಕ ಬಗೆಗಳು ಬರೋದು ತಂದೆ, ತಾಯಿ ಇಬ್ಬರ ಕಡೆಯಿಂದಲೂ ಅದೇ ಜೀನಿನ ಕೆಟ್ಟ ಪ್ರತಿ ಬಂದಾಗ. ಒಂದೇ ಕೆಟ್ಟ ಪ್ರತಿ ಇದ್ರೆ ಆ ರೋಗ ಬರೋದಿಲ್ಲ, ಗೊತ್ತೂ ಆಗೋದಿಲ್ಲ. ಇಬ್ಬರಲ್ಲೂ ಇದ್ರೆ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಸಾಧ್ಯತೆ. ಸೋದರಮಾವ ಮತ್ತು ಅಕ್ಕನ ಮಗಳ ನಡುವೆ ಜೀನ್‌ಗಳಲ್ಲಿ ಸುಮಾರು ಕಾಲು ಭಾಗ ಒಂದೇ ಮೂಲದ್ದಾಗಿರುತ್ತೆ, ಹಾಗಾಗಿ ಇಬ್ಬರಲ್ಲೂ ಅದೇ ಕೆಟ್ಟ ಪ್ರತಿ ಇರೋ ಸಾಧ್ಯತೆ ಹೆಚ್ಚು. ಸಂಬಂಧದಲ್ಲಿ ಮದುವೆಯಾದ ಎಲ್ಲರ ಮಕ್ಕಳಿಗೂ ರೋಗ ಬರುತ್ತೆ ಅಂತಲ್ಲ. ಹೆಚ್ಚಿನವರು ಚೆನ್ನಾಗೇ ಇರ್ತಾರೆ. ಆದ್ರೆ ಆಸ್ತಿ, ಜಾತಕ ಕೇಳೋ ಜಾಗದಲ್ಲಿ "ಎರಡೂ ಮನೆಯಲ್ಲಿ ಚಿಕ್ಕವಯಸ್ಸಿಗೆ ರಕ್ತದ ರೋಗ ಯಾರಿಗಾದ್ರೂ ಇತ್ತಾ?" ಅಂತಾನೂ ಕೇಳಬಹುದಲ್ವಾ?

ಭಾಗ 10/11: ಕ್ಯಾನ್ಸರ್‌ನ ಕುಂಟು ಕಾಲೇ ಮದ್ದು

ರಾಣೆಬೆನ್ನೂರಿನಿಂದ ಹುಬ್ಬಳ್ಳಿಗೆ ಹೈವೇ ಇದೆ, ರೈಲೂ ಇದೆ. ಹೈವೇ ಬಂದ್ ಆದ್ರೆ ರೈಲು ಹಿಡೀತೀವಿ. ರೈಲೂ ನಿಂತರೆ? ಮನೆಯಲ್ಲೇ.

2005ರಲ್ಲಿ ಎರಡು ತಂಡಗಳು ಇದನ್ನೇ ಕ್ಯಾನ್ಸರ್ ಮೇಲೆ ಪ್ರಯೋಗಿಸಿದವು. ಬಿಆರ್‌ಸಿಎ ಕೆಟ್ಟ ಗಡ್ಡೆಗೆ ನಿಖರ ರಿಪೇರಿಯ ದಾರಿ ಆಗಲೇ ಬಂದ್. ಅದು ಪಾರ್ಪ್ ಎಂಬ ಇನ್ನೊಂದು ರಿಪೇರಿ ಪ್ರೋಟೀನ್ ಮೇಲೆ ಬದುಕಿರುತ್ತೆ. ಅದನ್ನೂ ಮದ್ದಿನಿಂದ ತಡೆದರೆ ಗಡ್ಡೆಯ ಕೋಶ ಸಾಯುತ್ತೆ, ದಾರಿ ಉಳಿದಿರೋ ಆರೋಗ್ಯವಂತ ಕೋಶ ತಾಳಿಕೊಳ್ಳುತ್ತೆ. ಇಂಥ ಮೊದಲ ಮದ್ದು ಓಲಾಪರಿಬ್‌ಗೆ 2014ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ರ‍್ಯಾಡ್51ಸಿ ಕೆಟ್ಟ ಕೋಶಗಳೂ ಪಾರ್ಪ್ ತಡೆದಾಗ ಹೀಗೇ ಸೋಲುತ್ತವೆ, ಯಾಕೆ ಸೋಲುತ್ತವೆ ಅನ್ನೋದನ್ನೂ ನಾಗರಾಜು ತಂಡ ಹುಡುಕಿದೆ: ಗೋಂದಿನ ದಾರಿ ಮಿತಿಮೀರಿ ಕೆಲಸ ಮಾಡಿ ಎಲ್ಲವನ್ನೂ ತಪ್ಪಾಗಿ ಅಂಟಿಸಿಬಿಡುತ್ತೆ.

ಅದೇ ವಿಭಾಗದ ಸತೀಶ್ ರಾಘವನ್ ಆ ಗೋಂದಿನ ದಾರಿಯನ್ನೇ ಹಿಡಿದವರು. ಒಂದು ಬಗೆಯ ಲಿಂಫೋಮಾದಲ್ಲಿ ಕ್ರೋಮೋಸೋಮ್ ಅದೇ ಜಾಗದಲ್ಲಿ ಯಾಕೆ ಮುರಿಯುತ್ತೆ ಅಂತ 2004ರಲ್ಲಿ ಅಮೆರಿಕದ ಸಹೋದ್ಯೋಗಿಗಳ ಜೊತೆ ತೋರಿಸಿದರು: ಆ ಜಾಗದಲ್ಲಿ ಡಿಎನ್‌ಎ ಮಾಮೂಲಿ ಸುರುಳಿ ಬಿಟ್ಟು ಬೇರೆ ಆಕಾರ ತಾಳುತ್ತೆ. 2012ರಲ್ಲಿ ಅವರ ಬೆಂಗಳೂರು ತಂಡ ಗೋಂದು ಹಚ್ಚೋ ಪ್ರೋಟೀನ್ ತಡೆಯೋ ಎಸ್‌ಸಿಆರ್7 ಎಂಬ ಅಣುವನ್ನ ಪ್ರಕಟಿಸಿತು. ಇಲಿಗಳಲ್ಲಿ ಕೆಲವು ಗಡ್ಡೆ ನಿಧಾನ ಆದವು. 2013ರಲ್ಲಿ ರಾಘವನ್‌ಗೆ ಭಟ್ನಾಗರ್ ಪ್ರಶಸ್ತಿ ಬಂತು.

ಕಥೆ ಅಲ್ಲಿಗೆ ಮುಗೀಲಿಲ್ಲ. 2016ರಲ್ಲಿ ಬೇರೊಂದು ತಂಡ ಪರೀಕ್ಷೆ ಮಾಡಿ, ಈ ಅಣು ಹೇಳಿದಷ್ಟು ಗುರಿ ಹಿಡಿಯೋದೂ ಇಲ್ಲ, ಅಷ್ಟು ಬಲವೂ ಇಲ್ಲ ಅಂತ ಬರೀತು. ಬೆಂಗಳೂರು ತಂಡ ಅಣುವಿನ ಬೇರೆ ಬೇರೆ ರೂಪಗಳನ್ನ ಪರೀಕ್ಷಿಸಿ 2018ರಲ್ಲಿ ಉತ್ತರ ಕೊಟ್ಟಿತು. ಎಸ್‌ಸಿಆರ್7 ಆಸ್ಪತ್ರೆಯ ಔಷಧಿ ಅಲ್ಲ. ನಮ್ಮವರ ಹೆಸರು ಅಂತ "ಕ್ಯಾನ್ಸರ್‌ಗೆ ಮದ್ದು ಸಿಕ್ತು" ಅಂತ ಫಾರ್ವರ್ಡ್ ಮಾಡೋದು ಸುಲಭ. ಒಬ್ಬರು ಹೇಳಿದ್ದನ್ನ ಇನ್ನೊಬ್ಬರು ತಿರುಗಿ ಪರೀಕ್ಷೆ ಮಾಡೋದೇ ವಿಜ್ಞಾನ, ಅದಕ್ಕೇ ಅದನ್ನ ನಂಬಬಹುದು.

ಭಾಗ 11/11: ಹಾಗಾದ್ರೆ ಹಾವೇರಿಯಲ್ಲಿ ಕೂತ ನಮಗೇನು?

ನೂರು ವರ್ಷದ ಇತಿಹಾಸದಿಂದ ನಾನು ಕಟ್ಟಿಕೊಂಡ ಬುತ್ತಿ ಇಷ್ಟು.

ಒಂದು. ಡಿಎನ್‌ಎ ಹರಿಯೋದು ಯಾರ ಪಾಪವೂ ಅಲ್ಲ. ನನ್ನಲ್ಲಿ, ನಿಮ್ಮಲ್ಲಿ, ಈ ಸಾಲು ಓದೋ ಹೊತ್ತಿನಲ್ಲೂ ಹರೀತಿದೆ. ಕೆಲವು ಸಲ ಏನೂ ತಪ್ಪು ಮಾಡದವರಲ್ಲೂ ರಿಪೇರಿ ತಪ್ಪುತ್ತೆ. ರೋಗಿಯ ಮನೆಗೆ ಹೋದಾಗ "ಏನು ಮಾಡಿದ್ರೋ" ಅನ್ನೋ ಮಾತು ಬಾಯಿಗೆ ಬರಬಾರದು.

ಎರಡು. ಹೊರಗಿನ ಹಾನಿ ಕಡಿಮೆ ಮಾಡೋದು ನಮ್ಮ ಕೈಯಲ್ಲಿದೆ. ಚೀಟಿ ಬಿಡೋದು, ಬೂಷ್ಟು ಹಿಡಿದ ಕಾಳು, ಶೇಂಗಾ, ಮೆಣಸಿನಕಾಯಿ "ತೊಳೆದರೆ ಆಯ್ತು" ಅಂತ ಅಡಿಗೆಗೆ ಹಾಕದಿರೋದು. ಅಫ್ಲಟಾಕ್ಸಿನ್ ಒಲೆಯ ಬಿಸಿಗೂ ಪೂರ್ತಿ ಹೋಗೋದಿಲ್ಲ.

ಮೂರು. ಮನೆಯ ಇತಿಹಾಸವೂ ಇತಿಹಾಸವೇ. ಅಜ್ಜಿ, ದೊಡ್ಡಮ್ಮ, ಅತ್ತೆ, ಯಾರಿಗೆ ಯಾವ ವಯಸ್ಸಿಗೆ ಯಾವ ಕ್ಯಾನ್ಸರ್ ಬಂತು ಅಂತ ಒಂದು ಹಾಳೆಯಲ್ಲಿ ಬರೆದಿಡ್ರಿ. 50ರ ಒಳಗೆ ಸ್ತನ ಕ್ಯಾನ್ಸರ್, ಯಾವ ವಯಸ್ಸಿಗಾದ್ರೂ ಅಂಡಾಶಯದ ಕ್ಯಾನ್ಸರ್ ಒಂದೇ ಮನೆಯಲ್ಲಿ ಕಂಡಿದ್ರೆ ಆ ಹಾಳೆ ಡಾಕ್ಟರ್‌ಗೆ ತೋರಿಸಬೇಕು, ಜೀನ್ ಪರೀಕ್ಷೆ ಬೇಕಾ ಅಂತ ಕೇಳಬೇಕು. ಕೆಟ್ಟ ಜೀನ್ ಅಪ್ಪನ ಕಡೆಯಿಂದಲೂ ಬರಬಹುದು. ಹಾಗಾಗಿ ಸೊಸೆಯ ತವರನ್ನಷ್ಟೇ ದೂರೋದು ವಿಜ್ಞಾನವೂ ಅಲ್ಲ, ನ್ಯಾಯವೂ ಅಲ್ಲ.

ನಾಲ್ಕು. 30 ದಾಟಿದವರಿಗೆ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರಗಳ ಕಾರ್ಯಕ್ರಮದಲ್ಲೇ ಇದೆ. ಅವ್ವ "ನನಗೇನಾಗೇತಿ" ಅಂದೇ ಅಂತಾಳೆ. ಆದ್ರೂ ಕರ್ಕೊಂಡು ಹೋಗ್ರಿ.

ಕೊನೆಯದು, ವಿಜ್ಞಾನ ಓದ್ತಿರೋ ಗೆಳೆಯರಿಗೆ. ಮೆಕ್ಲಿಂಟಾಕ್‌ಗೆ ಬೇಕಾದದ್ದು ಗೋವಿನಜೋಳದ ಹೊಲ, ಒಂದು ಸೂಕ್ಷ್ಮದರ್ಶಕ, ಬಿಡದ ತಾಳ್ಮೆ. ಹೊಲ ನಮ್ಮಲ್ಲಿ ಬೇಕಾದಷ್ಟಿದೆ. ಕ್ರಾಸಿಂಗ್ ಕೆಲಸದಲ್ಲಿ ಪಳಗಿದ ಕೈಗಳು ರಾಣೆಬೆನ್ನೂರಿನ ಹಳ್ಳಿ ಹಳ್ಳಿಯಲ್ಲಿವೆ. ಆ ಕೈಗಳ ಮಕ್ಕಳು ಮುಂದಿನ ಲ್ಯಾಬ್‌ಗಳಲ್ಲಿ ಇರಬಾರದು ಅಂತ ಯಾವ ನಿಯಮವೂ ಇಲ್ಲ.

ಈ ಸರಣಿ ಸೇವ್ ಮಾಡಿಟ್ಟು ಮನೆಯಲ್ಲಿ ಓದಿ ಹೇಳ್ರಿ. ಅರ್ಥ ಆಗದ ಭಾಗದ ನಂಬರ್ ಕಾಮೆಂಟ್‌ನಲ್ಲಿ ಹಾಕ್ರಿ, ಅದನ್ನ ಬಿಡಿಸಿ ಬರೆಯೋಣ.

#ಹಾವೇರಿ #ರಾಣೆಬೆನ್ನೂರು #ಬ್ಯಾಡಗಿ #ವಿಜ್ಞಾನದ_ಇತಿಹಾಸ #ಜೀನೋಮ್ #ಕ್ಯಾನ್ಸರ್_ಬಗ್ಗೆ_ಮಾತಾಡೋಣ #ಕನ್ನಡದಲ್ಲಿ_ವಿಜ್ಞಾನ